ಪರೀಕ್ಷೆಗೆ ಹೋದ ಮಣ್ಣು

ಹೆಣ್ಣು ನೋಡಲು ಬಂದವರ ಮುಂದೆ ಕೊಟ್ಟಿಗೆ ಬಾಚುವ ಸೀರೆಯಲ್ಲೇ ಮಗಳನ್ನು ತಂದು ನಿಲ್ಲಿಸುವ ತಂದೆ ಭೂಮಂಡಲದಲ್ಲಿ ಇಲ್ಲ ಎಂಬುದು ಶಿವಕುಮಾರಪ್ಪನ ವಾದ. ನಿನ್ನ ತೋಟದ ಮಣ್ಣು ತೋರಿಸು ಎಂದು ಸರ್ಕಾರದವರು ಕೇಳಿದಾಗ ಅವನು ಮಾಡಿದ್ದಕ್ಕೆಲ್ಲ ಈ ವಾದವೇ ಬೇರು.

ಮಾರಿಕಣಿವೆ ನಾಲೆಯ ಕೆಳಗೆ ಅವನದು ನೂರಾ ಅರವತ್ತು ತೆಂಗಿನ ಮರಗಳ ತೋಟ. ಅಪ್ಪ ನೆಟ್ಟದ್ದು, ಮಗ ಸಾಕಿದ್ದು. ಊರಿನಲ್ಲಿ ಆ ತೋಟಕ್ಕೊಂದು ಮರ್ಯಾದೆಯಿತ್ತು. ಶ್ರಾವಣ ಬಂತೆಂದರೆ ಊರ ಮಠದಲ್ಲಿ ತಿಂಗಳಿಡೀ ಸಂಜೆ ಪುರಾಣ ನಡೆಯುತ್ತದೆ. ಹೊಸದುರ್ಗದಿಂದ ಶಾಸ್ತ್ರಿಗಳು ಬಸ್ಸಿನಲ್ಲಿ ಬಂದು ಪದ್ಯ ಹಾಡಿ ಅರ್ಥ ಬಿಡಿಸಿ ಹೋಗುತ್ತಾರೆ. ಕೊನೆಯ ದಿನ ಮಂಗಳ. ಅಂದು ಹನ್ನೊಂದಕ್ಕೆ ಕಡಿಮೆಯಿಲ್ಲದಷ್ಟು ಕಾಯಿ ಹೊತ್ತ ಒಂದು ಗೊನೆಯನ್ನು ನೆಲಕ್ಕೆ ತಾಗದಂತೆ ಹಗ್ಗದಲ್ಲಿ ಇಳಿಸಿ ಗದ್ದುಗೆಯ ಮುಂದೆ ಒಪ್ಪಿಸಬೇಕು. ತಂದವನು ಎದ್ದು ನಿಂತು ಮೂರು ಮಾತು ಹೇಳಬೇಕು: ನೆಲ ಯಾವುದು, ಮರ ಯಾವುದು, ಸಾಕಿದ ಕೈ ಯಾರದು. ತಿಂಗಳು ಪೂರ್ತಿ ಪುರಾಣ ಕೇಳಿದ ಕಿವಿಗೆ ಗೇಣು ದೂರದಲ್ಲೇ ಇರುವ ಬಾಯಿ ಈ ಮೂರು ಮಾತಿನಲ್ಲಿ ಸುಳ್ಳಾಡಬಾರದು ಎಂಬುದು ಕಟ್ಟಳೆ.

ನಲವತ್ತೊಂದು ವರ್ಷದಿಂದ ಆ ಗೊನೆ ಶಿವಕುಮಾರಪ್ಪನ ತೋಟದ್ದು. ಒಂದು ವರ್ಷ ತಪ್ಪಿದರೆ ಮರ್ಯಾದೆ ಪಕ್ಕದ ತೋಟಕ್ಕೆ ಹೋಗುತ್ತದೆ. ಪಕ್ಕದ ತೋಟ ದಾಯಾದಿ ಕೊಟ್ರೇಶನದು. ಕೊಟ್ರೇಶ ಕೆಟ್ಟವನಲ್ಲ, ಆದರೆ ಹೋದ ಮರ್ಯಾದೆಯನ್ನು ಹಿಂದಿರುಗಿಸುವಷ್ಟು ಒಳ್ಳೆಯವನೂ ಅಲ್ಲ.

ಹೀಗಿರುವಾಗ ಒಂದು ವರ್ಷ ತೋಟಗಾರಿಕೆ ಇಲಾಖೆಯವರು ಊರಿಗೆ ಬಂದು, ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಗೊಬ್ಬರ ಕೊಡಿ ಎಂದು ಒಂದು ಕರಪತ್ರ ಹಂಚಿದರು. ಶಿವಕುಮಾರಪ್ಪ ಅದನ್ನು ಪಾರಾಯಣದಂತೆ ಎರಡು ಸಲ ಓದಿದ. ತೋಟದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಕಡೆ ಅಗೆದು, ಬೆರೆಸಿ, ಅರ್ಧ ಕೆಜಿ ತರಬೇಕು. ತಿಪ್ಪೆಯ ಹತ್ತಿರ, ಬದುವಿನ ಮೇಲೆ, ನೀರು ನಿಲ್ಲುವ ಕಡೆ ತೆಗೆಯಬಾರದು ಎಂದಿತ್ತು. ಮಿಕ್ಕದ್ದು ಅವನಿಗೆ ಮನಸ್ಸಿನಲ್ಲಿ ನಿಲ್ಲಲಿಲ್ಲ. ‘ಪರೀಕ್ಷೆ’ ಎಂಬ ಒಂದು ಪದ ನಿಂತಿತು. ಪರೀಕ್ಷೆ ಎಂದ ಮೇಲೆ ಪಾಸು ಇದೆ, ಫೇಲು ಇದೆ. ನಲವತ್ತೊಂದು ವರ್ಷದ ತೋಟ ಫೇಲಾಯಿತು ಎಂಬ ಸುದ್ದಿ ಚಿತ್ರದುರ್ಗದ ಪ್ರಯೋಗಾಲಯದಿಂದ ಹೊರಟರೆ ಊರು ಮುಟ್ಟಲು ಬಸ್ಸು ಬೇಕಿಲ್ಲ.

ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ತೋಟ ಸುತ್ತಿದ. ಅದುವರೆಗೆ ಅವನು ಆ ಮಣ್ಣನ್ನು ಆ ಕಣ್ಣಿನಿಂದ ನೋಡಿರಲಿಲ್ಲ. ಒಂದು ಕಡೆ ಜ್ವರ ಬಂದು ಎದ್ದವರಂತೆ ಬಿಳಿಚಿಕೊಂಡಿತ್ತು. ಇನ್ನೊಂದು ಕಡೆ ಮುಷ್ಟಿಯಲ್ಲಿ ಹಿಡಿದರೆ ಮರಳಿನಂತೆ ಬೆರಳ ಸಂದಿಯಿಂದ ಇಳಿದು ಹೋಗುತ್ತಿತ್ತು. ಇದನ್ನು ಪರಸ್ಥಳದವರ ಮುಂದೆ ಇಡುವುದೇ? ತಲೆ ತಗ್ಗಿಸಿ ಮನೆಗೆ ಬಂದವನು ಹಿತ್ತಲಿಗೆ ಕಾಲು ತೊಳೆಯಲು ಹೋದ. ಅಲ್ಲಿ ಬಚ್ಚಲ ಗೋಡೆಯ ಹಿಂದೆ ಒಂಟಿಯಾಗಿ ನಿಂತ ತೆಂಗಿನ ಮರದ ಬುಡದಲ್ಲಿ ಮಣ್ಣು ಕಪ್ಪಗೆ, ಮೆತ್ತಗೆ, ಹುರಿದ ರಾಗಿ ಹಿಟ್ಟಿನಂತೆ ಮಿರುಗುತ್ತಿತ್ತು.

ತಿಪ್ಪೆಯ ಹತ್ತಿರ ಬೇಡ ಎಂದಿತ್ತು ಕರಪತ್ರದಲ್ಲಿ. ಬಚ್ಚಲ ಹತ್ತಿರ ಬೇಡ ಎಂದು ಎಲ್ಲಿಯೂ ಇರಲಿಲ್ಲ. ಮರವೂ ತನ್ನದೇ, ಮಣ್ಣೂ ತನ್ನದೇ. ಅವನು ಅಲ್ಲೇ ಒಂದು ಗುಂಡಿ ತೋಡಿದ. ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಡತಿ ಕೊಟ್ರಮ್ಮನ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಬಿಳಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಚೀಲಕ್ಕೆ ಮೂರೆಳೆ ವಿಭೂತಿ ಹಚ್ಚಿದ. ಜರಡಿ ಏನಾಯಿತು ಎಂದು ಕೊಟ್ರಮ್ಮ ಕೇಳಿದ್ದಕ್ಕೆ ಪರೀಕ್ಷೆಗೆ ಎಂದಷ್ಟೇ ಹೇಳಿದ. ಅವಳು ಬಚ್ಚಲ ಹಿಂದಿನ ಗುಂಡಿಯನ್ನು ಕಂಡು, ಹೆಗ್ಗಣವೇನೋ ಎಂದುಕೊಂಡು, ಹಂಡೆ ಒಲೆಯ ಬೂದಿ ಸುರಿದು ಮುಚ್ಚಿದಳು. ಮೂವತ್ತು ವರ್ಷದಿಂದ ಆ ಬೂದಿ ಬೀಳುತ್ತಿದ್ದದ್ದೂ ಅಲ್ಲಿಗೇ.

ಬಸ್ಸಿನಲ್ಲಿ ಅವನು ಚೀಲವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಕಂಡಕ್ಟರು ಏನದು ಎಂದಾಗ, “ನಮ್ ಮಣ್ಣು. ಪರೀಕ್ಷೆ ಬರೆಯಾಕೆ ದುರ್ಗಕ್ಕೆ ಹೊಂಟೈತೆ” ಎಂದು ಎದೆಯುಬ್ಬಿಸಿ ಹೇಳಿದ.

ತಿಂಗಳೊಪ್ಪತ್ತಿನಲ್ಲಿ ಕಾರ್ಡು ಬಂತು. ಸಾವಯವ ಅಂಶ ಉತ್ತಮ, ರಂಜಕ ಉತ್ತಮ. ಪೊಟ್ಯಾಷಿನ ಎದುರು ‘ಅತಿ ಹೆಚ್ಚು’ ಎಂದು ಬರೆದು, ಸದ್ಯಕ್ಕೆ ಪೊಟ್ಯಾಷ್ ಕೊಡುವುದು ಬೇಡ, ಸಾರಜನಕಕ್ಕೆ ಯೂರಿಯಾ ಮಾತ್ರ ಸಾಕು ಎಂದು ಷರಾ ಹಾಕಿದ್ದರು. ಶಿವಕುಮಾರಪ್ಪನ ಕಣ್ಣಿಗೆ ಅದು ರ‍್ಯಾಂಕು ಬಂದಂತೆಯೇ. ಹಿರಿಯೂರಿಗೆ ಹೋಗಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ತಂದು, ದೇವರ ಪಟಗಳ ಸಾಲಿನಲ್ಲಿ, ಅಪ್ಪನ ಫೋಟೋಗಿಂತ ಒಂದು ಗೇಣು ಎತ್ತರದಲ್ಲಿ ತೂಗುಹಾಕಿದ. ಕೊಟ್ರಮ್ಮ ಮಿಕ್ಕ ಪಟಗಳಿಗೆ ಹೂ ಮುಡಿಸುವಾಗ ಇದೊಂದನ್ನು ಬಿಡುವುದು ಸರಿಯಲ್ಲವೆಂದು ಇದಕ್ಕೂ ಒಂದು ಮುಡಿಸತೊಡಗಿದಳು.

ಊರಿನವರು ನೋಡಲು ಬಂದರು. ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ. ಎಲ್ಲರ ಕೈಯಲ್ಲೂ ಫೋನಿತ್ತು. ಮಣ್ಣು ಹೊತ್ತು ದುರ್ಗಕ್ಕೆ ಅಲೆಯುವ ಬದಲು ಪಾಸಾದವನ ಉತ್ತರ ನೋಡಿ ಬರೆದರಾಯಿತು ಎಂದು ಮೂವತ್ತು ತೋಟದವರು ಕಾರ್ಡಿನ ಫೋಟೋ ತೆಗೆದುಕೊಂಡರು. ಕೊಟ್ರೇಶ ಎರಡು ಸಲ ತೆಗೆದುಕೊಂಡ; ಮೊದಲ ಸಲ ಗಾಜಿನಲ್ಲಿ ಅವನ ಮುಖವೇ ಬಂದಿತ್ತು. ಒಬ್ಬನ ಜ್ವರಕ್ಕೆ ವೈದ್ಯರು ಬರೆದ ಚೀಟಿ ಹಿಡಿದು ಬೀದಿಯವರೆಲ್ಲ ಗುಳಿಗೆ ನುಂಗಿದಂತೆ, ಆ ವರ್ಷದಿಂದ ನಾಲೆಯ ಕೆಳಗಿನ ತೋಟಗಳೆಲ್ಲ ಪೊಟ್ಯಾಷ್ ಬಿಟ್ಟು ಯೂರಿಯಾ ತಿಂದವು.

ತಿಂದದ್ದು ಕಾಣುತ್ತಿತ್ತು. ಮೊದಲ ವರ್ಷ ಮರಗಳು ಹಸಿರಾದವು. ಎರಡನೆಯ ವರ್ಷ ಕಪ್ಪು ಹಸಿರಾದವು. ಗರಿಗಳು ಆನೆಯ ಕಿವಿಯಂತೆ ಬೀಸುತ್ತಿದ್ದವು. ಮನೆಗೆ ಬೀಗರು ಬಂದರೆ ಶಿವಕುಮಾರಪ್ಪ ಕಾಫಿ ಕೊಡುವ ಮೊದಲು ತೋಟ ತೋರಿಸುತ್ತಿದ್ದ. ಹೊಂಬಾಳೆ ಒಡೆದ ಮೇಲೆ ಗುಂಡಿಯಷ್ಟೇ ಗಾತ್ರದ ಎಳೆಗಾಯಿ, ಹರಳು, ಉದುರಿ ಬುಡದ ಪಾತಿಯಲ್ಲಿ ಬೀಳುತ್ತಿದ್ದದ್ದು ಅವನ ಕಣ್ಣಿಗೂ ಬಿದ್ದಿತ್ತು. ಗಾಳಿ ಎಂದುಕೊಂಡ. ಎರಡು ವರ್ಷವೂ ಮಂಗಳದ ಹೊತ್ತಿಗೆ ಹೇಗೋ ಹನ್ನೊಂದರ ಗೊನೆ ಒಂದು ಸಿಕ್ಕಿತ್ತು.

ಮೂರನೆಯ ವರ್ಷ ಕಾಯಿ ಕೀಳಲು ಮರ ಹತ್ತಿದ ಮುನಿಯಪ್ಪ ಮೇಲೆಯೇ ಕುಳಿತುಬಿಟ್ಟ. ಮೂವತ್ತು ವರ್ಷದಿಂದ ಆ ಊರಿನ ಮರಗಳ ತಲೆಯನ್ನು ಅವುಗಳ ಒಡೆಯರಿಗಿಂತ ಚೆನ್ನಾಗಿ ಬಲ್ಲವನು ಅವನು. ಏನಾಯಿತೋ ಎಂದು ಕೆಳಗಿನಿಂದ ಕೇಳಿದರೆ, ಸ್ವಲ್ಪ ಹೊತ್ತು ಯೋಚಿಸಿ, “ಗರಿ ಚಪ್ಪರ ಹಾಕೋವಷ್ಟು ಅವೆ ಯಜಮಾನ್ರೇ. ಚಪ್ಪರದ ಕೆಳಗೆ ಮದುವೆ ಮಾತ್ರ ಇಲ್ಲ” ಎಂದ. ಗೊನೆಗೆ ನಾಲ್ಕು, ಐದು. ಕಿತ್ತು ಅಲ್ಲಾಡಿಸಿದರೆ ಅದರಲ್ಲೂ ಒಂದು ಜೊಳ್ಳು. ಕೆಳಗಿನ ಗರಿಗಳ ತುದಿ ಬೆಂಕಿಗೆ ಹಿಡಿದಂತೆ ಕೆಂಪಗೆ ಸೀದಿತ್ತು. ಊರೆಲ್ಲ ಇದೇ ಕಥೆಯಾಯಿತು. ಯಾರೋ ದೃಷ್ಟಿ ಎಂದರು, ಯಾರೋ ನಾಲೆ ನೀರು ಎಂದರು. ಕೊನೆಗೆ ತೋಟಗಾರಿಕೆಯವರಿಗೇ ದೂರು ಹೋಯಿತು.

ಬಂದವಳು ಅನುಷಾ. ಹೊಳಲ್ಕೆರೆ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಅವಳು ಮಣ್ಣು ಮುಟ್ಟಲಿಲ್ಲ. ಮರದ ತುದಿಯಿಂದ ಎಣಿಸಿ ಹದಿನಾಲ್ಕನೆಯ ಗರಿಯ ಎಲೆ ಕೊಯ್ದುಕೊಡಿ ಎಂದಳು. ಹದಿಮೂರನೆಯದು ಏನು ಪಾಪ ಮಾಡಿತ್ತು ಎಂದು ಮುನಿಯಪ್ಪ ಮೇಲಿನಿಂದಲೇ ವಿಚಾರಿಸಿದ. ನಾಡಿ ನೋಡುವಾಗ ಮೊಣಕೈ ಬಿಟ್ಟು ಮಣಿಕಟ್ಟನ್ನೇ ಯಾಕೆ ಹಿಡಿಯುತ್ತಾರೋ ಹಾಗೆ ಎಂದಳು. ಈ ಉತ್ತರ ಅವನಿಗೆ ಎಷ್ಟು ಹಿಡಿಸಿತೆಂದರೆ ಅಂದಿನಿಂದ ಮರ ಹತ್ತಿದಾಗಲೆಲ್ಲ ನಾಡಿ ಹಿಡಿಯುವವನ ಮುಖ ಮಾಡಿಕೊಂಡೇ ಎಣಿಸುತ್ತಿದ್ದ.

ಶ್ರಾವಣದ ನಡುವಿನಲ್ಲಿ ಎಲೆಯ ಫಲಿತಾಂಶ ಹಿಡಿದು ಅವಳು ಮತ್ತೆ ಬಂದಳು. ಶಿವಕುಮಾರಪ್ಪನ ಜಗಲಿಯಲ್ಲಿ ಕುಳಿತು ವಿವರಿಸಿದಳು. ಎಲೆಯಲ್ಲಿ ಸಾರಜನಕ ಉಕ್ಕಿ ಹರಿಯುತ್ತಿದೆ, ಪೊಟ್ಯಾಷ್ ಬೇಕಾದ್ದರಲ್ಲಿ ಅರ್ಧವೂ ಇಲ್ಲ. ತೆಂಗು ಬೇರೆಲ್ಲದಕ್ಕಿಂತ ಹೆಚ್ಚಾಗಿ ಕೇಳುವುದೇ ಪೊಟ್ಯಾಷನ್ನು. ಯೂರಿಯಾ ಕೊಟ್ಟಷ್ಟೂ ಮರ ಬೆಳೆಯುತ್ತದೆ, ಬೆಳೆದಷ್ಟೂ ಪೊಟ್ಯಾಷಿನ ಹಸಿವು ಹೆಚ್ಚುತ್ತದೆ; ಒಂದನ್ನು ಸುರಿದು ಇನ್ನೊಂದನ್ನು ಮರೆತರೆ, ಸುರಿದದ್ದೇ ಮರೆತದ್ದರ ಕೊರತೆಯನ್ನು ದೊಡ್ಡದು ಮಾಡುತ್ತದೆ. ಒಳಗಿನಿಂದ ಕೇಳುತ್ತಿದ್ದ ಕೊಟ್ರಮ್ಮ ಬಾಗಿಲಿಗೆ ಬಂದು, “ಅಂದ್ರೆ ಮುದ್ದೆ ಮೇಲೆ ಮುದ್ದೆ ಇಕ್ಕಿ ಸಾರೇ ಬಡಿಸಿಲ್ಲ ಅನ್ನು” ಎಂದಳು. ನನ್ನ ನಾಲ್ಕು ವರ್ಷದ ಓದನ್ನು ನೀವು ಒಂದು ಉಸಿರಿಗೆ ಮುಗಿಸಿದಿರಿ ಎಂದು ಅನುಷಾ ನಕ್ಕಳು.

ನಗುತ್ತ ತಲೆ ಎತ್ತಿದವಳಿಗೆ ಹೂ ಮುಡಿದ ಕಾರ್ಡು ಕಂಡಿತು. ಹತ್ತಿರ ಹೋಗಿ ಓದಿದಳು. ಮುಖದ ನಗು ಇಳಿಯಿತು.

“ಇದು ಈ ತೋಟದ್ದೇನಾ, ಅಪ್ಪಾಜಿ?”

“ಇನ್ಯಾರದು ತಾಯಿ” ಎಂದ ಶಿವಕುಮಾರಪ್ಪ.

ಹಾಗಾದರೆ ತಪ್ಪು ಪ್ರಯೋಗಾಲಯದ್ದೇ ಎಂದು ಅವಳು ತೀರ್ಮಾನಿಸಿದಳು. ಇಷ್ಟು ಪೊಟ್ಯಾಷಿರುವ ಮಣ್ಣಿನ ಮರ ಹೀಗೆ ಸೊರಗಲು ಸಾಧ್ಯವೇ ಇಲ್ಲ. ಊರೆಲ್ಲ ಇದನ್ನೇ ನೋಡಿ ಗೊಬ್ಬರ ಹಾಕಿತು ಎಂದು ಕೊಟ್ರಮ್ಮ ಸೇರಿಸಿದಳು. ಒಂದು ತಪ್ಪು ಕಾರ್ಡಿನಿಂದ ಮೂವತ್ತು ತೋಟ ಕೆಟ್ಟಿವೆ, ಪರೀಕ್ಷೆ ಮಾಡಿದವರು ಉತ್ತರ ಹೇಳಲೇಬೇಕು, ಬರೆದು ಕಳಿಸುತ್ತೇನೆ ಎಂದಳು.

ಹೋಗಲಿ ಬಿಡು, ಯಾರೋ ಹೆತ್ತ ಮಕ್ಕಳು, ಹೊಟ್ಟೆಪಾಡು ಎಂದು ಶಿವಕುಮಾರಪ್ಪ ಬೇಡಿಕೊಂಡ. ಅಷ್ಟು ನಷ್ಟವಾದರೂ ಕ್ಷಮಿಸುವ ಇಂಥ ಮನುಷ್ಯನನ್ನು ಕಂಡಿಲ್ಲ ಎಂದು ಅನುಷಾಳ ಕಣ್ಣು ತುಂಬಿತು. ಅವಳು ಅದನ್ನು ಕೊಟ್ರೇಶನ ಮನೆಯಲ್ಲಿ ಹೇಳಿದಳು, ಕೊಟ್ರೇಶ ಅಂಗಡಿಯಲ್ಲಿ ಹೇಳಿದ. ಸಂಜೆ ಶಿವಕುಮಾರಪ್ಪ ಪುರಾಣಕ್ಕೆ ಹೋದರೆ ಜನ ಎದ್ದು ಜಾಗ ಬಿಟ್ಟರು. ಮಠದ ಗಡಿಯಾರದ ಕೆಳಗಿನ ಕಂಬಕ್ಕೆ ಒರಗಿ ಕುಳಿತ ಶಿವಕುಮಾರಪ್ಪನಿಗೆ ಮೈಯೆಲ್ಲ ಮುಳ್ಳು. ಯಾಕೆಂದರೆ ಶಾಸ್ತ್ರಿಗಳು ಪದ್ಯಕ್ಕೊಮ್ಮೆ ತಲೆ ಎತ್ತಿ ನೇರವಾಗಿ ಅವನನ್ನೇ ನೋಡುತ್ತಿದ್ದರು. ಕಥೆಯಲ್ಲಿ ಕಳ್ಳ ಬಂದರೂ ಅವನ ಕಡೆಗೇ ನೋಟ, ಆನೆ ಬಂದರೂ ಅವನ ಕಡೆಗೇ. ಅವರಿಗೆ ಎಲ್ಲ ತಿಳಿದಿದೆ ಎಂಬುದು ಮೂರು ಸಂಜೆಯಲ್ಲಿ ಅವನಿಗೆ ಖಾತ್ರಿಯಾಯಿತು.

ಮಂಗಳದ ದಿನ ಬಂತು. ಬೆಳಿಗ್ಗೆಯಿಂದ ಮುನಿಯಪ್ಪ ಮರದಿಂದ ಮರಕ್ಕೆ ಹತ್ತಿ ಇಳಿದ. ನಾಲ್ಕು ಎಂದ, ಐದು ಎಂದ, ಒಂದು ಕಡೆ ಏಳು ಎಂದು ಕೂಗಿ, ಆಮೇಲೆ ಪಕ್ಕದ ಗೊನೆಯದೂ ಸೇರಿತ್ತು ಎಂದು ತಿದ್ದಿಕೊಂಡ. ಬಿಸಿಲೇರುವ ಹೊತ್ತಿಗೆ ಕೆಳಗಿಳಿದು, ಕಾಲು ನೀವಿಕೊಳ್ಳುತ್ತ, ಇನ್ನು ತನ್ನ ನಾಡಿ ಯಾರಾದರೂ ನೋಡಬೇಕು ಎಂದ. ಬೇಲಿಯಾಚೆ ಕೊಟ್ರೇಶ ಮರ ಲೆಕ್ಕ ಹಾಕುವವನಂತೆ ಓಡಾಡುತ್ತಿದ್ದ. ಅವನಲ್ಲೂ ಹನ್ನೊಂದರದು ಇರಲಿಲ್ಲ, ಆದರೆ ಎಂಟರದೊಂದು ಇತ್ತು, ಯಾರಲ್ಲೂ ಇಲ್ಲದ ವರ್ಷ ಎಂಟೇ ಹನ್ನೊಂದಾದೀತು ಎಂಬ ಆಸೆಯೂ ಇತ್ತು.

ಶಿವಕುಮಾರಪ್ಪ ಮನೆಗೆ ಬಂದು ಜಗಲಿಯ ಮೇಲೆ ಕುಸಿದ. ಹಿತ್ತಲಿನಲ್ಲಿ ಬೂದಿ ಪುಟ್ಟಿ ಮಗುಚುತ್ತಿದ್ದ ಕೊಟ್ರಮ್ಮ ತಲೆ ಮೇಲೆತ್ತಿ ಎಣಿಸಿ, ದನಿಯೇರಿಸದೆ ಹೇಳಿದಳು: “ಏನ್ರಿ, ಇಲ್ಲಿ ಹದಿಮೂರು ಅವೆ.”

ಬಚ್ಚಲ ಮರದ ಗೊನೆ ಹಗ್ಗದಲ್ಲಿ ಇಳಿಯಿತು. ಒಂದೊಂದು ಕಾಯಿಯೂ ಗಟ್ಟಿಮುಟ್ಟಾಗಿ, ಬಾಣಂತಿಯ ಮಡಿಲ ಕೂಸಿನಂತಿತ್ತು. ಅದನ್ನು ಹೊತ್ತು ಮಠಕ್ಕೆ ನಡೆಯುತ್ತ ಶಿವಕುಮಾರಪ್ಪ ಮೂರು ಮಾತನ್ನು ಬಾಯಿಪಾಠ ಮಾಡಿಕೊಂಡ. ನೆಲ ನಮ್ಮದು, ಮರ ನಮ್ಮದು, ಕೈ ನಮ್ಮದು. ಇದರಲ್ಲಿ ಎಲ್ಲಿದೆ ಸುಳ್ಳು? ‘ನಮ್ಮದು’ ಎಂದರೆ ಮನೆಯವರೆಲ್ಲ ಬಂದರು. ದಾರಿಯುದ್ದಕ್ಕೂ ಆ ಮೂರು ಮಾತು ತಾಳ ಹಾಕಿದಂತೆ ಬರುತ್ತಿತ್ತು.

ಮಠ ತುಂಬಿತ್ತು. ಕೊಟ್ರಮ್ಮ ಊಟಕ್ಕೆ ಕರೆದಿದ್ದರಿಂದ ಅನುಷಾ ಹೆಂಗಸರ ಸಾಲಿನಲ್ಲಿ ಅವಳ ಪಕ್ಕವೇ ಕುಳಿತಿದ್ದಳು. ಪ್ರಯೋಗಾಲಯಕ್ಕೆ ಬರೆದ ಕಾಗದ ಅವಳ ಬ್ಯಾಗಿನಲ್ಲಿತ್ತು. ನಾಳೆ ಹಿರಿಯೂರಿನಲ್ಲಿ ಅಂಚೆಗೆ ಹಾಕುವುದಾಗಿ ಬರುವಾಗಲೇ ಹೇಳಿದ್ದಳು. ಗೊನೆಯನ್ನು ಕಂಡು ಜನ ಗುಜುಗುಟ್ಟಿದರು. ಕೊಟ್ರೇಶ ಕುಳಿತಲ್ಲಿಂದಲೇ ಕಾಯಿ ಎಣಿಸಿದ.

ಶಿವಕುಮಾರಪ್ಪ ಗೊನೆ ಇಟ್ಟು ಬಂದು, ಎಂದಿನ ಕಂಬದ ಬಳಿ ನಿಂತು ಕೈ ಮುಗಿದ. “ನೆಲ ನಮ್ದು” ಎಂದ.

ಶಾಸ್ತ್ರಿಗಳು ತಲೆ ಎತ್ತಿ, ಅವನ ಕಡೆ ದೀರ್ಘವಾಗಿ ನೋಡಿ, “ಹೂಂ, ಮುಂದೆ” ಎಂದರು.

ಆ ‘ಹೂಂ’ಗೆ ಬಾಯಿಪಾಠದ ತಾಳ ತಪ್ಪಿತು. ತಿಂಗಳು ಕೇಳಿದ ಪುರಾಣವೆಲ್ಲ ಒಟ್ಟಾಗಿ ನಾಲಗೆಯನ್ನು ಹಿಡಿದು ನಿಲ್ಲಿಸಿದಂತಾಯಿತು. ಚಿತ್ರದುರ್ಗದಲ್ಲಿ ಯಾವನೋ ತನ್ನಷ್ಟಕ್ಕೆ ತಾನು ಕೆಲಸ ಮಾಡಿದವನು ನಾಳೆ ತಲೆ ತಗ್ಗಿಸಿ ನಿಲ್ಲುವುದು ಕಣ್ಣ ಮುಂದೆ ಬಂತು.

“ನೆಲ ನಮ್ದು ನಿಜ. ಆದ್ರೆ ತೋಟದ್ದಲ್ಲ, ಬಚ್ಚಲ ಹಿಂದಿಂದು. ಮರ ಬಚ್ಚಲ ಮರ.” ಇಲ್ಲಿ ನಿಂತ. ಮೂರನೆಯದಕ್ಕೆ ಅವಳ ಹೆಸರು ಹೇಳಬೇಕಿತ್ತು. ಮದುವೆಯಾಗಿ ಮೂವತ್ತೈದು ವರ್ಷ ‘ಲೇ’ ಎಂದು, ‘ಇವಳೇ’ ಎಂದು, ಒಮ್ಮೊಮ್ಮೆ ಬರಿಯ ಕೆಮ್ಮಿನಿಂದ ಕರೆದವನು, ನಾಲ್ಕು ಜನರ ಮುಂದೆ ಆ ಹೆಸರನ್ನು ಬಾಯಿಗೆ ತಂದವನಲ್ಲ. “ಸಾಕಿದ ಕೈ... ಕೊಟ್ರಮ್ಮಂದು” ಎಂದ, ಮದುಮಗನಂತೆ ಬೆವರಿ.

ಹೆಂಗಸರ ಸಾಲಿನಲ್ಲಿ ಒಂದು ಬಳೆ ಸದ್ದಾಯಿತು. ಒಂದು ಹೊರಬಿದ್ದ ಮೇಲೆ ಮಿಕ್ಕದ್ದು ತಾನಾಗಿ ಬಂತು. ಗುದ್ದಲಿ, ಗುಂಡಿ, ಹಿಟ್ಟಿನ ಜರಡಿ, ವಿಭೂತಿ ಹಚ್ಚಿದ ಚೀಲ, ಒಂದನ್ನೂ ಬಿಡದೆ ಹೇಳಿದ. ಕಾರ್ಡು ಸುಳ್ಳಲ್ಲ, ಅದು ಬಚ್ಚಲ ಮರದ ಕಾರ್ಡು. ಬರೆದವರ ತಪ್ಪು ಎಳ್ಳಷ್ಟೂ ಇಲ್ಲ ಎಂದ.

ಅನುಷಾ ಕೊಟ್ರಮ್ಮನ ಕಡೆ ಬಾಗಿ, ಒಲೆಗೆ ಏನು ಹಾಕುತ್ತೀರಿ ಎಂದು ಪಿಸುಗುಟ್ಟಿದಳು. ತೋಟದ ಒಣ ಗರಿ, ಕಾಯಿ ಮಟ್ಟೆ, ಇನ್ನೇನು, ಎಂದಳು ಕೊಟ್ರಮ್ಮ. ಅನುಷಾ ಹಣೆ ಹಿಡಿದುಕೊಂಡಳು. ತೆಂಗು ಹೀರಿದ ಪೊಟ್ಯಾಷ್ ಬಹುಪಾಲು ಇರುವುದು ಅವುಗಳಲ್ಲೇ. ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ಅವಳು ಎದ್ದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು: “ನೂರಾ ಅರವತ್ತು ಮರದ ಊಟನ ಮೂವತ್ತು ವರ್ಷದಿಂದ ಒಂದೇ ಮರ ಉಂಡೈತೆ.”

ಆಗ ಕೊಟ್ರೇಶ ನಿಧಾನವಾಗಿ ಎದ್ದ. ಫೋನು ತೆಗೆದು, ಹಳೆಯ ಫೋಟೋ ಹುಡುಕಿ, ಒಂದು ಸಲ ಅದನ್ನು, ಒಂದು ಸಲ ಅಣ್ಣನನ್ನು ನೋಡಿದ.

“ಹಂಗಾರೆ ಅಣ್ಣಾ, ಮೂರು ವರ್ಷದಿಂದ ನಾವು ಮೂವತ್ತು ಜನ ನಿಮ್ ಬಚ್ಚಲಿಗೆ ಗೊಬ್ಬರ ಹಾಕ್ತಾ ಇದ್ವಾ?”

ಮೊದಲು ನಕ್ಕವನು ಮುನಿಯಪ್ಪ, ಬಾಗಿಲ ಬಳಿಯಿಂದ. ಆಮೇಲೆ ಮಠವೇ ನಕ್ಕಿತು. ಬೈಯಬೇಕೆಂದು ಎದ್ದವರು ನಗಲು ಕುಳಿತರು, ಯಾಕೆಂದರೆ ಬೈದರೆ ಪರರ ಉತ್ತರ ನೋಡಿ ಬರೆದ ತಮ್ಮ ವಿಷಯವೂ ಬರುತ್ತಿತ್ತು. ಮೂರು ಮಾತೂ ನಿಜವಾಗಿದೆ, ಗೊನೆ ಸಲ್ಲುತ್ತದೆ, ಬೇಗ ಮಂಗಳ ಹಾಡಿ ಎಂದರು ಶಾಸ್ತ್ರಿಗಳು. ಹಿರಿಯರು ಮಾತ್ರ ಒಂದು ತೀರ್ಮಾನ ಸೇರಿಸಿದರು: ಸಾಕಿದ ಕೈ ಯಾರದೋ ಮರ್ಯಾದೆಯೂ ಅವರದೇ, ಬರುವ ವರ್ಷದಿಂದ ಎದ್ದು ನಿಂತು ಹೇಳುವವಳು ಕೊಟ್ರಮ್ಮ. ನಲವತ್ತೊಂದಕ್ಕೆ ಮೂರು ಸೇರಿಸಿ ಶಿವಕುಮಾರಪ್ಪನ ಲೆಕ್ಕ ಅಲ್ಲಿಗೆ ಮುಗಿಯಿತು. ಗೊನೆ ಹೊರುವ ಕೆಲಸ ಉಳಿಯಿತು.

ಪ್ರಸಾದದ ಹೊತ್ತಿಗೆ ಅವನು ಶಾಸ್ತ್ರಿಗಳ ಕಾಲು ಮುಟ್ಟಿ, ನೀವು ಆ ನೋಟ ನೋಡದಿದ್ದರೆ ನಾನು ಕೆಡುತ್ತಿದ್ದೆ ಎಂದ. ಶಾಸ್ತ್ರಿಗಳಿಗೆ ಅರ್ಥವಾಗಲಿಲ್ಲ. ಯಾವ ನೋಟ ಎಂದು ಯೋಚಿಸಿ, ಆಮೇಲೆ ಮೆಲ್ಲಗೆ, ನಿಮ್ಮ ತಲೆಯ ಮೇಲೆ ಗಡಿಯಾರ ಇತ್ತಲ್ಲ, ಹೊಸದುರ್ಗದ ಕೊನೆಯ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ನೋಡುತ್ತಿದ್ದೆ ಎಂದರು. ಶಿವಕುಮಾರಪ್ಪ ತಿರುಗಿ ಗಡಿಯಾರದ ಮುಳ್ಳು ನೋಡಿದ. ಶಿವ ಯಾವ ಮುಳ್ಳಿನಿಂದ ಯಾವ ಮುಳ್ಳು ತೆಗೆಯುತ್ತಾನೋ ಎಂದುಕೊಂಡು ಇನ್ನೊಂದು ಸಲ ಕಾಲು ಮುಟ್ಟಿದ.

ವಾರ ಕಳೆದ ಮೇಲೆ ತೋಟದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಕಡೆ ಅಗೆದ. ಬಿಳಿಚಿದ್ದನ್ನೂ ಬಿಡಲಿಲ್ಲ, ಮರಳಾದದ್ದನ್ನೂ ಬಿಡಲಿಲ್ಲ. ಕೊಟ್ರಮ್ಮ ಈ ಸಲ ಜರಡಿ ಕೊಡಲಿಲ್ಲ. ಕೈಯಲ್ಲೇ ಕಲ್ಲು ಆರಿಸಿದ. ವಿಭೂತಿಯನ್ನು ತನ್ನ ಹಣೆಗಷ್ಟೇ ಹಚ್ಚಿಕೊಂಡ. ಹಿಂದೆ ಮೂವತ್ತು ಜನ ತಂತಮ್ಮ ಚೀಲ ಹಿಡಿದು ಬಸ್ಸು ಹತ್ತಿದ್ದರಿಂದ ನಿಲ್ಲಲೂ ಜಾಗವಿರಲಿಲ್ಲ. ಅದೇ ಕಂಡಕ್ಟರು. ಗುರುತು ಹಿಡಿದು, ಏನ್ ಯಜಮಾನ್ರೇ, ಮತ್ತೆ ಪರೀಕ್ಷೆನಾ ಎಂದ.

“ಇಲ್ಲಪ್ಪ. ಇದಕ್ಕೆ ಮೈಯಾಗೆ ಸರಿ ಇಲ್ಲ” ಎಂದ ಶಿವಕುಮಾರಪ್ಪ, ಚೀಲವನ್ನು ಎದೆಗೆ ಅವುಚಿಕೊಂಡು. “ಡಾಕ್ಟ್ರಿಗೆ ತೋರಿಸ್ಕಂಡು ಬರಾಕೆ ಹೊಂಟೀವಿ.”

ಕಂಡಕ್ಟರು ಚೀಲವನ್ನೂ ಅವನ ಮುಖವನ್ನೂ ನೋಡಿದ. ಕಿಟಕಿ ಬದಿಯಲ್ಲಿ ಕುಳಿತಿದ್ದ ಒಬ್ಬನನ್ನು ಎಬ್ಬಿಸಿ, “ಈ ಕಡೆ ಗಾಳಿಗೆ ಕುಂತ್ಕಳ್ರಿ” ಎಂದ.